ಧರ್ಮಕ್ಕೆ ಕೊಟ್ಟ ದಟ್ಟಿಗೂ ಮೊಳ ಹಾಕಬೇಕು

ಜರ್ಮನಿಯ ಮೈನ್ಜ್ ಸುತ್ತಮುತ್ತ ಇರುವ ಕನ್ನಡದ ಅಪ್ಪ-ಅಮ್ಮಂದಿರಿಗೆ, ನಮ್ಮ ಮಕ್ಕಳ ಶಾಲೆಯ ಪೋಷಕರ ಸಮಿತಿಯಲ್ಲಿರುವ ಗೆಳೆಯರಿಗೆ,

ನಮಸ್ಕಾರ.

ರಾಜ್ಯೋತ್ಸವದ ದಿನ ಹಾಲ್‌ನ ಬಾಗಿಲಲ್ಲಿ ಎರಡು ದೊಡ್ಡ ಪೆಟ್ಟಿಗೆ ಇಡೋಣ ಅಂತ ಹೋದ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾತಾಯಿತು. ಒಂದು ಹಳೆ ಬಟ್ಟೆಗೆ, ಇನ್ನೊಂದು ಹಳೆ ಲ್ಯಾಪ್‌ಟಾಪಿಗೆ. ಹೊಲಿಗೆ ಮಷಿನ್ ಇರುವವರು ಹೆಸರು ಬರೆಸಿದರೆ ಸಾಕು, ಮನೆಗೇ ಬಂದು ಒಯ್ಯುತ್ತಾರೆ. ಎಲ್ಲ ಸೇರಿಸಿ ಒಂದು ಕಂಟೇನರ್ ತುಂಬಿಸಿ ರುವಾಂಡಾದ ನಮ್ಮ ಜೋಡಿ ಶಾಲೆಗೆ ಕಳಿಸುವುದು. ಅರ್ಧ ಗಂಟೆಯಲ್ಲಿ ಗುಂಪಿನ ತುಂಬ ಹೆಬ್ಬೆಟ್ಟು, ಕೈಮುಗಿದ ಚಿತ್ರ. ‘ನೀವ್ಯಾಕೆ ಸರ್ ಏನೂ ಹೇಳ್ತಿಲ್ಲ, ಈಗಷ್ಟೇ ಹೋಗಿ ನೋಡಿ ಬಂದವರಲ್ವಾ?’ ಅಂತ ಒಬ್ಬರು ಕೇಳಿದರು.

ಹೋಗಿ ನೋಡಿ ಬಂದಿದ್ದಕ್ಕೇ ಸುಮ್ಮನಿದ್ದೆ. ಫೋನಿನಲ್ಲಿ ಎರಡು ಸಾಲಿನಲ್ಲಿ ಬರೆದು ಮುಗಿಸುವ ಉತ್ತರ ಅದಲ್ಲ. ಅದಕ್ಕೇ ಈ ಪತ್ರ. ಕಂಟೇನರ್ ಬೇಡ ಅಂತ ಹೇಳಲು ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಒಂದು ಕಂಟೇನರ್ ಹೋಯಿತಲ್ಲ, ಅದಕ್ಕೆ ಮನೆಮನೆ ತಿರುಗಿ ಸಾಮಾನು ಕೂಡಿಸಿದವರಲ್ಲಿ ನಾನೂ ಒಬ್ಬ. ಹಾಗಾಗಿ ಮುಂದೆ ಬರುವ ದೂರುಗಳಲ್ಲಿ ಮೊದಲನೆಯದು ನನ್ನ ಮೇಲೆಯೇ.

ಈಚೆಗೆ ಬಂದವರಿಗೆ ಸ್ವಲ್ಪ ಹಿನ್ನೆಲೆ. ನಾವಿರುವ ರೈನ್‌ಲಾಂಡ್-ಫಾಲ್ಟ್ಸ್ ರಾಜ್ಯಕ್ಕೂ ರುವಾಂಡಾ ದೇಶಕ್ಕೂ 1982ರಿಂದ ಸ್ನೇಹದ ಒಪ್ಪಂದ ಇದೆ. ಸರ್ಕಾರ-ಸರ್ಕಾರದ ನಡುವೆ ಕಾಗದ ಓಡಾಡಿ ಮುಗಿದುಹೋಗುವ ಒಪ್ಪಂದ ಅಲ್ಲ ಇದು. ಊರಿಗೆ ಊರು, ಶಾಲೆಗೆ ಶಾಲೆ ಜೋಡಿಯಾಗಿವೆ. ನಮ್ಮ ಶಾಲೆಗೆ ಸಿಕ್ಕಿದ್ದು ರಾಜಧಾನಿ ಕಿಗಾಲಿಯಿಂದ ಬಸ್ಸಿನಲ್ಲಿ ಒಂದೆರಡು ಗಂಟೆ ದೂರದ ಒಂದು ವೃತ್ತಿ ತರಬೇತಿ ಶಾಲೆ. ನಮ್ಮ ಕಡೆಯ ಐಟಿಐ ಇದ್ದ ಹಾಗೆ. ಹೊಲಿಗೆ, ಮರಗೆಲಸ, ಗಾರೆ ಕೆಲಸ, ವೆಲ್ಡಿಂಗ್ ಕಲಿಸುತ್ತಾರೆ. ದೇಶ ಚಿಕ್ಕದು. ಏಳು ರುವಾಂಡಾ ಸೇರಿದರೂ ಒಂದು ಕರ್ನಾಟಕ ಪೂರ್ತಿ ಆಗುವುದಿಲ್ಲ. ಅಷ್ಟರಲ್ಲೇ 2022ರ ಗಣತಿಯ ಪ್ರಕಾರ ಸುಮಾರು 1.32 ಕೋಟಿ ಜನ. ಗುಡ್ಡದ ನೆತ್ತಿಯವರೆಗೂ ಉತ್ತಿದ್ದಾರೆ. ಮಗನಿಗೆ ಪಾಲು ಕೊಡಲು ಹೊಲ ಸಾಲುವುದಿಲ್ಲ, ಕೈಗೊಂದು ಕಸುಬು ಬೇಕೇ ಬೇಕು. ಮರಗೆಲಸದ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. 1994ರ ನರಮೇಧದಲ್ಲಿ ಕಲಿಸುವ ಅಪ್ಪಂದಿರೇ ಹೋದರು, ಅಪ್ಪನಿಂದ ಮಗನಿಗೆ ಬರುವ ಕಸುಬು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ನಿಂತಿತು ಅಂತ. ಹೇಳಿ, ಹತ್ತರಿಯ ಮೇಲಿದ್ದ ಹೊಟ್ಟು ಊದಿ, ಕೆಲಸ ಮುಂದುವರಿಸಿದರು. ನಾವೂ ಮುಂದಕ್ಕೆ ಕೇಳಲಿಲ್ಲ.

ಅಕ್ಟೋಬರ್ ರಜೆಯಲ್ಲಿ ಶಾಲೆಯಿಂದ ಎಂಟು ಜನ ಹೋದೆವು. ಇಬ್ಬರು ಟೀಚರ್, ನಾಲ್ಕು ಮಕ್ಕಳು, ಇಬ್ಬರು ಪೋಷಕರು. ನನ್ನ ಮಗಳೂ ಇದ್ದಳು. ಅಲ್ಲಿ ಅದು ಮಳೆ ಕಾಲ. ತಗಡಿನ ಸೂರಿನ ಮೇಲೆ ಮಳೆ ಸುರಿಯಲು ಶುರುವಾದರೆ ಮೇಷ್ಟ್ರು ಪಾಠ ನಿಲ್ಲಿಸಿ ಕೈಕಟ್ಟಿ ನಿಲ್ಲುತ್ತಾರೆ. ಏನು ಹೇಳಿದರೂ ಕೇಳಿಸದು. ನಿಂತ ಮೇಲೆ ಬಿಟ್ಟಲ್ಲಿಂದ ಪಾಠ. ಮಧ್ಯಾಹ್ನ ಊಟಕ್ಕೆ ಹುರುಳಿಕಾಯಿ ಬೀಜದ ಸಾರು, ಮರಗೆಣಸಿನ ಹಿಟ್ಟಿನ ಉಬುಗಾಲಿ. ನೋಡಿದ ಕೂಡಲೇ ಮುದ್ದೆ ಅಂದುಕೊಂಡು ನಾನು ನುಂಗಲು ಹೋದೆ. ಜಿಗುಟು, ಗಂಟಲಲ್ಲೇ ನಿಂತಿತು. ಪಕ್ಕದ ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಎರಡನೇ ದಿನ ಪ್ರಿನ್ಸಿಪಾಲರು ನಮ್ಮ ಸಾಮಾನು ತೋರಿಸಲು ಕರೆದುಕೊಂಡು ಹೋದರು. ಒಂದು ಕೋಣೆ. ಬೀಗ ಹಾಕಿತ್ತು. ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿಯಿತು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಒಳಗೆ ನಮ್ಮ ಹದಿನಾಲ್ಕು ಹೊಲಿಗೆ ಮಷಿನ್ ಸಾಲಾಗಿ ನಿಂತಿದ್ದವು. ಮೇಲೆ ಬಟ್ಟೆ ಹೊದಿಸಿ, ಧೂಳು ಒರೆಸಿ, ಚೆನ್ನಾಗಿಯೇ ಇಟ್ಟಿದ್ದರು. ಒಂದೂ ನಡೆಯುತ್ತಿರಲಿಲ್ಲ. ಐದು ದೊಡ್ಡ ಮಷಿನ್ ಇಲ್ಲಿನ ಒಂದು ಮುಚ್ಚಿದ ಹೊಲಿಗೆ ಅಂಗಡಿಯಿಂದ ಬಂದವು. ಅವುಗಳ ಮೋಟರಿಗೆ ತ್ರೀ ಫೇಸ್ ಕರೆಂಟು ಬೇಕು, ಆ ಕಟ್ಟಡಕ್ಕೆ ಇರುವುದು ಸಿಂಗಲ್ ಫೇಸ್. ಮಿಕ್ಕವು ಮನೆಯಲ್ಲಿ ಪರದೆ ಅಂಚು ಮಡಚುವ ಪ್ಲಾಸ್ಟಿಕ್ ಮಷಿನ್‌ಗಳು. ದಿನಕ್ಕೆ ಆರು ಗಂಟೆ ಕಲಿಯುವವರ ಕಾಲಡಿಯಲ್ಲಿ ಅವು ಎರಡು ತಿಂಗಳು ಬಾಳಿದವಂತೆ. ಎರಡರಲ್ಲಿ ಬರೀ ಸೂಜಿ ಮುರಿದಿತ್ತು. ದೊಡ್ಡ ಮಷಿನ್ನಿನ ಸೂಜಿಯ ಬುಡ ಗುಂಡಗಿರುತ್ತದೆ, ಮನೆ ಮಷಿನ್ನಿನದು ಒಂದು ಬದಿ ಚಪ್ಪಟೆ. ಇದರದ್ದು ಅದಕ್ಕೆ ಕೂರುವುದಿಲ್ಲ. ನಾವು ಕಂಟೇನರಿನಲ್ಲಿ ಮಷಿನ್ ಕಳಿಸಿದ್ದೆವು, ಸೂಜಿ ಕಳಿಸಿರಲಿಲ್ಲ. ಜೊತೆಗೆ ಹೋದ ಪುಸ್ತಿಕೆ ಜರ್ಮನ್ ಭಾಷೆಯಲ್ಲಿತ್ತು. ಅಲ್ಲಿನ ಹೊಲಿಗೆ ಟೀಚರ್ ಫ್ರೆಂಚಿನಲ್ಲಿ ಓದಿದವರು. 2008ರಲ್ಲಿ ಸರ್ಕಾರ ಶಾಲೆಗಳ ಪಾಠವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಇಂಗ್ಲಿಷ್ ಕಲಿತರು. ಈಗ ನಾವು ಜರ್ಮನ್ ಕೂಡ ಕಲಿಯಿರಿ ಅಂದ ಹಾಗಾಯಿತು.

ಲ್ಯಾಪ್‌ಟಾಪ್‌ಗಳ ಕತೆ ಕೇಳಬೇಡಿ. ಬ್ಯಾಟರಿ ಸತ್ತಿದ್ದನ್ನು ಬಿಡಿ, ಕೀಬೋರ್ಡ್ ಜರ್ಮನ್. ವೈ ಒತ್ತಬೇಕಾದಲ್ಲಿ ಝಡ್ ಇದೆ. ಹುಡುಗನೊಬ್ಬ ಅಂಗಡಿ ಬಿಲ್ ಟೈಪ್ ಮಾಡಿ ತೋರಿಸಿದ. ಊರಿನ ಹೆಸರೇ ತಿರುಗುಮುರುಗಾಗಿತ್ತು. ನನ್ನ ಮಗಳು ನಗಲಿಲ್ಲ. ಆ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅವಳೇ ಚಿಕ್ಕವಳಿದ್ದಾಗ ಅಂಟಿಸಿದ ಚಿಟ್ಟೆ ಇತ್ತು.

ಆ ಕೋಣೆಯ ಪಕ್ಕದ ಕೋಣೆಯಲ್ಲೇ ಕ್ಲಾಸು ನಡೆದಿತ್ತು. ಕಾಲಿನಲ್ಲಿ ತುಳಿಯುವ ಕಪ್ಪು ಮಷಿನ್ ಒಂಬತ್ತು, ಹುಡುಗಿಯರು ಇಪ್ಪತ್ತೇಳು. ಸರದಿ ಪ್ರಕಾರ ಕೂರುತ್ತಾರೆ. ಕೂತವಳು ತುಳಿಯುವಾಗ ಪಕ್ಕದಲ್ಲಿ ನಿಂತವಳ ಕಾಲೂ ಸುಮ್ನೆ ನೆಲದ ಮೇಲೆ ತಾಳ ಹಾಕುತ್ತಿತ್ತು. ಬಟ್ಟೆ ದುಬಾರಿ, ಅದಕ್ಕೆ ಸಿಮೆಂಟ್ ಚೀಲದ ಕಾಗದದ ಮೇಲೆ ಕಟಿಂಗ್ ಕಲಿಯುತ್ತಾರೆ. ನಮ್ಮ ಅಮ್ಮಂದಿರು ಹಳೆ ನ್ಯೂಸ್‌ಪೇಪರಿನ ಮೇಲೆ ರವಿಕೆ ಕಟ್ ಮಾಡಲು ಕಲಿತರಲ್ಲ, ಥೇಟ್ ಹಾಗೆ. ಮಷಿನ್ ಕೆಟ್ಟರೆ? ಪೇಟೆಯಲ್ಲಿ ರಿಪೇರಿ ಮಾಡುವವನಿದ್ದಾನೆ, ಮೋಟಾರ್ ಸೈಕಲ್ ಟ್ಯಾಕ್ಸಿ ಮೇಲೆ ಬರುತ್ತಾನೆ, ಚೀಲದಲ್ಲಿ ಬಾಬಿನ್ ಕೇಸು, ಬೆಲ್ಟು, ಸೂಜಿ ಎಲ್ಲ ಇರುತ್ತದೆ.

ಇದನ್ನು ನೋಡುತ್ತ ನಿಂತಾಗ ನನಗೆ ನಮ್ಮಪ್ಪ ನೆನಪಾದರು. ಅವರು ಐಟಿಐನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದರು. ಯಾವ ಊರು, ಯಾವ ಐಟಿಐ ಅಂತ ಬೇಡ. ಅಲ್ಲಿ ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್ ಲೇತ್ ಎರಡಿದ್ದವು. ಜೊತೆಗೆ ಪರದೇಶದಿಂದ ದಾನವಾಗಿ ಬಂದ ಒಂದು ಭಾರಿ ಮಿಲ್ಲಿಂಗ್ ಮಷಿನ್ ಇತ್ತು. ಅದು ಬಂದ ದಿನ ಪೂಜೆ ಮಾಡಿ, ಫೋಟೋ ಹೊಡೆಸಿ, ಪೇಡ ಹಂಚಿದ್ದರು. ಎಂಟು ತಿಂಗಳ ಮೇಲೆ ಒಂದು ಗೇರ್ ಹಲ್ಲು ಹೋಯಿತು. ಆ ಗೇರ್ ಇಡೀ ಕರ್ನಾಟಕದಲ್ಲಿ ಸಿಗಲಿಲ್ಲ. ಕಾಗದ ಬರೆದರು, ಉತ್ತರ ಬಂತು, ಬೆಲೆ ನೋಡಿ ಎಲ್ಲರೂ ತೆಪ್ಪಗಾದರು. ಮಷಿನ್ ಮೇಲೆ ತಾಡಪಾಲು ಬಿತ್ತು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಹುಡುಗರು ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದರು. ಕಿರ್ಲೋಸ್ಕರ್ ಲೇತ್ ಕೆಟ್ಟರೆ ಅಪ್ಪ ಸಂಜೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಮಾರನೇ ದಿನ ಗೋಣಿಚೀಲದಲ್ಲಿ ಪಾರ್ಟು ಹಿಡಿದು ಬರುತ್ತಿದ್ದರು. ಅವರ ಶಿಷ್ಯರೆಲ್ಲ ಕಲಿತಿದ್ದು ಆ ಲೇತಿನ ಮೇಲೆ.

ಇಷ್ಟು ಗೊತ್ತಿದ್ದೂ ನಾನು ಕಂಟೇನರ್ ತುಂಬಿಸಿದೆ ನೋಡಿ. ಕೊಡುವ ಜಾಗದಲ್ಲಿ ನಿಂತ ಕೂಡಲೇ ಪಡೆದ ದಿನಗಳು ಮರೆತೇಹೋಗುತ್ತವೆ.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ’ ಅನ್ನುವ ಗಾದೆಯನ್ನು ನಮ್ಮಲ್ಲಿ ಬೈಯಲು ಬಳಸುತ್ತೇವೆ. ಪುಕ್ಕಟೆ ಬಂದದ್ದಕ್ಕೂ ಅಳತೆ ನೋಡುತ್ತಾಳೆ, ಎಂಥ ದುರಾಸೆ ಅಂತ. ಈ ಗಾದೆ ಕಟ್ಟಿದವನು ಕೊಟ್ಟವನ ಕಡೆಯವನೇ ಇರಬೇಕು. ಮೊಳ ಹಾಕದೆ ಉಡುವುದು ಹೇಗೆ? ಅಲ್ಲಿನ ಪ್ರಿನ್ಸಿಪಾಲರು ಮೂರು ವರ್ಷ ನಮಗೆ ಒಂದು ಮಾತೂ ಬರೆಯಲಿಲ್ಲ. ‘ಮುರಾಕೋಜೆ’ ಅಂದರೆ ಥ್ಯಾಂಕ್ಸ್, ಅದನ್ನೇ ಬರೆದರು. ಮಷಿನ್ ನಡೆಯುತ್ತಿಲ್ಲ ಅಂತ ಯಾಕೆ ಹೇಳಲಿಲ್ಲ ಅಂತ ನಮ್ಮ ಟೀಚರ್ ಕೇಳಿದಾಗ ಅವರು ನಕ್ಕರು. ನೀವು ಅಷ್ಟು ಖುಷಿಯಿಂದ ಫೋಟೋ ಕಳಿಸಿದ್ದಿರಿ, ಹೇಗೆ ಹೇಳಲಿ ಅಂದರು. ಅವರು ಹಿತ್ತಲಿಗೂ ಹೋಗಿ ಮೊಳ ಹಾಕಲಿಲ್ಲ, ಪಾಪ. ಕೋಣೆಗೆ ಬೀಗ ಹಾಕಿದರು.

ಬಟ್ಟೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಸಲ ಬಟ್ಟೆಯೇ ಜಾಸ್ತಿ ಸೇರುವ ಲಕ್ಷಣ ಕಾಣುತ್ತಿದೆ. ಯುರೋಪು, ಅಮೆರಿಕದವರು ಬಿಟ್ಟ ಬಟ್ಟೆ ಮೂಟೆಗಟ್ಟಲೆ ಪೂರ್ವ ಆಫ್ರಿಕಾದ ಸಂತೆಗಳಿಗೆ ಹೋಗುತ್ತದೆ. ಹೊಸ ಅಂಗಿ ಹೊಲಿಸುವುದಕ್ಕಿಂತ ಅದು ಅಗ್ಗ. ಹೀಗಾದರೆ ದರ್ಜಿಗಳು ಬದುಕುವುದು ಹೇಗೆ ಅಂತ ರುವಾಂಡಾ ಸರ್ಕಾರ 2016ರಲ್ಲಿ ಹಳೆ ಬಟ್ಟೆಯ ಆಮದು ಸುಂಕವನ್ನು ಕೆಜಿಗೆ 0.20 ಡಾಲರಿನಿಂದ 2.50 ಡಾಲರಿಗೆ ಏರಿಸಿತು. ಅಮೆರಿಕಕ್ಕೆ ಸಿಟ್ಟು ಬಂತು. 2018ರಲ್ಲಿ ರುವಾಂಡಾದ ಸಿದ್ಧ ಉಡುಪಿಗೆ ತನ್ನಲ್ಲಿದ್ದ ಸುಂಕದ ರಿಯಾಯಿತಿಯನ್ನೇ ನಿಲ್ಲಿಸಿತು. ಆದರೂ ರುವಾಂಡಾ ಸುಂಕ ಇಳಿಸಲಿಲ್ಲ. ಸಂತೆ ವ್ಯಾಪಾರಿಗಳಿಗೆ ಇದರಿಂದ ಪೆಟ್ಟು ಬಿದ್ದದ್ದೂ ನಿಜ, ಬಡವರಿಗೆ ಬಟ್ಟೆ ತುಟ್ಟಿಯಾದದ್ದೂ ನಿಜ. ಆ ಲೆಕ್ಕ ಅವರು ಮಾಡಿಕೊಳ್ಳಲಿ. ನಮ್ಮ ಲೆಕ್ಕ ಇಷ್ಟೇ: ಹೊಲಿಗೆ ಕಲಿಸುವ ಶಾಲೆಗೆ ನಾವು ಹಳೆ ಅಂಗಿ ಕಳಿಸುವುದು ಕುಂಬಾರನ ಮನೆ ಮುಂದೆ ಪ್ಲಾಸ್ಟಿಕ್ ಕೊಡ ಹಂಚಿದ ಹಾಗೆ.

ಇನ್ನು ಸಾಗಣೆ. ರುವಾಂಡಾಕ್ಕೆ ಸಮುದ್ರವಿಲ್ಲ. ನಮ್ಮ ಕಂಟೇನರ್ ಹಡಗಿನಲ್ಲಿ ದಾರ್ ಎಸ್ ಸಲಾಮ್ ತಲುಪಿ, ಅಲ್ಲಿಂದ ಇಡೀ ಟಾಂಜಾನಿಯಾ ದಾಟಿ 1,400 ಕಿಲೋಮೀಟರಿಗಿಂತ ಜಾಸ್ತಿ ದೂರ ಲಾರಿಯಲ್ಲಿ ಹೋಗಬೇಕು. ಹೋದ ಸಲ ಸಾಗಣೆ, ಸುಂಕ, ಬಂದರಿನ ಬಾಡಿಗೆಗೆ ಹೋದ ದುಡ್ಡು ಮಕ್ಕಳ ಸ್ಪಾನ್ಸರ್ ಓಟದಿಂದ ಬಂದದ್ದು. ಒಂದು ಸುತ್ತು ಓಡಿದರೆ ಇಷ್ಟು ಯೂರೋ ಅಂತ ಬೆವರು ಸುರಿಸಿ ಓಡಿದ್ದರು. ಲೆಕ್ಕ ಸಮಿತಿಯ ಬಳಿ ಇದೆ, ತೆಗೆದು ನೋಡಿ. ಅದೇ ದುಡ್ಡನ್ನು ಕಿಗಾಲಿಗೆ ಕಳಿಸಿದ್ದರೆ ಅಲ್ಲಿನ ಅಂಗಡಿಯಲ್ಲೇ ಕಪ್ಪು ಕಾಲು ಮಷಿನ್ ಬರುತ್ತಿತ್ತು, ರಿಪೇರಿಯವನ ಫೋನ್ ನಂಬರ್ ಸಮೇತ.

ಹಾಗಾದರೆ ಅವರಿಗೆ ಬೇಕಾದದ್ದೇನು? ಈ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳಿದ್ದು ಮೂರನೇ ದಿನ. ವೆಲ್ಡಿಂಗ್ ಮೇಷ್ಟ್ರು ಜೇಬಿನಿಂದ ಒಂದು ನೋಟ್‌ಬುಕ್ ತೆಗೆದರು. ಮೊದಲೇ ಬರೆದಿಟ್ಟಿದ್ದರು. ವೆಲ್ಡಿಂಗ್ ರಾಡ್, ಹ್ಯಾಕ್ಸಾ ಬ್ಲೇಡು, ಗ್ರೈಂಡರ್ ಡಿಸ್ಕು, ಕಣ್ಣಿನ ಕನ್ನಡಕ. ರಾಡ್ ಟರ್ಮಿನ ಮಧ್ಯಕ್ಕೇ ಮುಗಿದುಬಿಡುತ್ತದಂತೆ. ಮುಗಿದ ಮೇಲೆ ಏನು ಮಾಡ್ತೀರಿ ಅಂತ ಕೇಳಿದೆ. ಅವರು ಒಬ್ಬ ಹುಡುಗನನ್ನು ಕರೆದರು. ಅವನು ಹೋಲ್ಡರಿಗೆ ಒಂದು ಬಿದಿರು ಕಡ್ಡಿ ಸಿಕ್ಕಿಸಿ, ಎರಡು ತಗಡಿನ ಮಧ್ಯದ ಗೆರೆಯ ಮೇಲೆ ನಿಧಾನಕ್ಕೆ ಅರ್ಧಚಂದ್ರ ಅರ್ಧಚಂದ್ರವಾಗಿ ಕೈ ಆಡಿಸಿದ. ಬೆಂಕಿಯಿಲ್ಲ, ಕಿಡಿಯಿಲ್ಲ. ಮುಖಕ್ಕೆ ಮಾತ್ರ ಮುಖವಾಡ ಹಾಕಿಕೊಂಡಿದ್ದ. ಕೈ ಒಂದಿಷ್ಟೂ ನಡುಗಲಿಲ್ಲ.

ವೆಲ್ಡಿಂಗ್ ರಾಡಿಗೆ ಯಾರೂ ರಿಬ್ಬನ್ ಕಟ್ಟಿ ಫೋಟೋ ತೆಗೆಯುವುದಿಲ್ಲ. ಆದ್ದರಿಂದ ಅದನ್ನು ಯಾರೂ ಕೊಡುವುದೂ ಇಲ್ಲ.

ಇನ್ನೊಂದು, ಕೋರ್ಸು ಮುಗಿಸಿದ ಮೇಲಿನ ಕತೆ. ಕಿಗಾಲಿಯ ಕಿಮಿರೊಂಕೊ ಮಾರುಕಟ್ಟೆಯಲ್ಲಿ ದರ್ಜಿಗಳ ಸಾಲೇ ಇದೆ. ಬಣ್ಣ ಬಣ್ಣದ ಕಿಟೆಂಗೆ ಬಟ್ಟೆ ಆರಿಸಿ ಅಳತೆ ಕೊಟ್ಟರೆ ಬೇಗನೆ ಹೊಲಿದು ಕೊಡುತ್ತಾರೆ. ಅಲ್ಲಿ ಈ ಶಾಲೆಯಲ್ಲಿ ಕಲಿತ ಇಬ್ಬರು ಹುಡುಗಿಯರು ಸಿಕ್ಕರು. ಮಷಿನ್ ಸ್ವಂತದ್ದಲ್ಲ, ದಿನದ ಬಾಡಿಗೆ. ಗಿರಾಕಿ ಬರಲಿ ಬಿಡಲಿ ಬಾಡಿಗೆ ಕಟ್ಟಬೇಕು. ಸರ್ಟಿಫಿಕೇಟ್ ಜೊತೆ ಒಂದು ಮಷಿನ್, ಒಂದು ಒಳ್ಳೆ ಕತ್ತರಿ ಸಿಕ್ಕಿದ್ದರೆ ಅಂತ ಅವರೇನೂ ಗೊಣಗಲಿಲ್ಲ. ಗೊಣಗುತ್ತಿರುವವನು ನಾನು. ಮರಗೆಲಸ ಕಲಿತವನಿಗೆ ಉಳಿ, ಗರಗಸ, ಹತ್ತರಿ, ಗಾರೆಯವನಿಗೆ ಕರಣೆ, ಮಟ್ಟಗೋಲು. ಸಾಲವಾಗಿ ಕೊಟ್ಟು ಕಂತಿನಲ್ಲಿ ಶಾಲೆಗೆ ವಾಪಸ್ ಕಟ್ಟಿಸಿಕೊಂಡರೆ ಮುಂದಿನ ವರ್ಷದವರಿಗೂ ಆಯಿತು ಅಂತ ಪ್ರಿನ್ಸಿಪಾಲರದ್ದೇ ಯೋಚನೆ. ಅದಕ್ಕೆ ಬೇಕಿರುವುದು ಮೊದಲ ಗಂಟು ಮಾತ್ರ.

ಮೂರನೆಯದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಆ ಶಾಲೆಯ ಕೆಳಗಿನ ಗುಡ್ಡದಲ್ಲಿ ಒಂದು ಪ್ರೈಮರಿ ಶಾಲೆ ಇದೆ. ಒಂದೊಂದು ಬೆಂಚಿನ ಮೇಲೆ ನಾಲ್ಕೈದು ಮಕ್ಕಳು ಒತ್ತರಿಸಿ ಕೂರುತ್ತಾರೆ. ಮೇಲಿನ ಶಾಲೆಯಲ್ಲಿ ಬಡಗಿಗಳಿದ್ದಾರೆ, ಮರವಿಲ್ಲ. ಕೆಳಗಿನ ಶಾಲೆಗೆ ಬೆಂಚು ಬೇಕು, ದುಡ್ಡಿಲ್ಲ. ನಾವು ದಾನ ಕೊಡುವ ಬದಲು ಆರ್ಡರ್ ಕೊಡೋಣ. ಇಷ್ಟು ಬೆಂಚು ಮಾಡಿ ಕೆಳಗಿನ ಶಾಲೆಗೆ ಕೊಡಿ, ಮರದ ದುಡ್ಡು, ಕೂಲಿ ಎರಡೂ ನಮ್ಮದು ಅಂತ. ಹಾಗೆಯೇ ಯೂನಿಫಾರ್ಮು. ಕಲಿಯುವವರಿಗೆ ಕಾಗದದ ಮೇಲಲ್ಲ, ನಿಜವಾದ ಬಟ್ಟೆಯ ಮೇಲೆ ಕತ್ತರಿ ಆಡಿಸುವ ಅವಕಾಶ.

ಇದೇನೂ ಹೊಸದಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಗೆ ಒಪ್ಪದೆ ರಾಜತಾಂತ್ರಿಕ ಹುದ್ದೆ ಬಿಟ್ಟುಬಂದ ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ಅನ್ನುವವರು ಬೋಟ್ಸ್ವಾನಾದ ಸೆರೋವೆಯಲ್ಲಿ 1963ರಲ್ಲಿ ಸ್ವಾನೆಂಗ್ ಹಿಲ್ ಎಂಬ ಹೈಸ್ಕೂಲು ಶುರು ಮಾಡಿದರು. ಕಟ್ಟಡಗಳ ಕೆಲಸದಲ್ಲಿ ಮೇಷ್ಟ್ರು, ಮಕ್ಕಳೂ ಕೈಹಾಕಿದರು. ಹೈಸ್ಕೂಲಿಗೆ ಸೀಟು ಸಿಗದ ಹುಡುಗರು ಏನು ಮಾಡಬೇಕು ಅನ್ನುವ ಪ್ರಶ್ನೆ ಬಂದಾಗ 1965ರಲ್ಲಿ ಅದೇ ಶಾಲೆಯ ಜನ ಗಾರೆ ಕೆಲಸ ಕಲಿಸುವ ‘ಬ್ರಿಗೇಡ್’ ಕಟ್ಟಿದರು. ಹುಡುಗರು ಕಲಿಯುತ್ತಲೇ ಕಟ್ಟಡ ಕಟ್ಟಿಕೊಡುವುದು, ಆ ದುಡಿಮೆಯಿಂದ ತರಬೇತಿಯ ಖರ್ಚು ಹುಟ್ಟಿಸುವುದು. ಆಮೇಲೆ ಬೇರೆ ಬೇರೆ ಕಸುಬಿನ ಬ್ರಿಗೇಡ್‌ಗಳು ದೇಶದ ತುಂಬ ಎದ್ದವು. ಖರ್ಚು ಪೂರ್ತಿ ಹುಟ್ಟಿಸುವುದು ಎಲ್ಲ ಕಡೆ ಆಗಲಿಲ್ಲ, ಕಲಿಕೆ ಮತ್ತು ದುಡಿಮೆಯ ನಡುವೆ ಎಳೆದಾಟ ಇದ್ದೇ ಇತ್ತು. ಆದರೂ ಪಕ್ಕದ ಊರಿನ ಕೆಲಸ ಹಿಡಿದು ಕಲಿಸುವ ಆ ದಾರಿ ನಮ್ಮ ಬೀಗ ಹಾಕಿದ ಕೋಣೆಗಿಂತ ಎಷ್ಟೋ ಮೇಲು.

ನಮ್ಮ ಊರಿಗೂ ಹೊರಗಿನವರ ಸಹಾಯ ಬಂದಿತ್ತಲ್ಲ ಅಂತ ಕೆಲವರು ಕೇಳಬಹುದು. ಹೌದು, ಬಂದಿತ್ತು. ಬೆಂಗಳೂರಿನ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಶುರುವಾದದ್ದು ಡೆನ್ಮಾರ್ಕ್ ಸರ್ಕಾರದ ನೆರವಿನಿಂದ. ಅದು ಇವತ್ತೂ ಬದುಕಿದೆ, ಊರೂರಿಗೆ ಬೆಳೆದಿದೆ. ಅಲ್ಲಿ ಮಷಿನ್ ಜೊತೆ ಕಲಿಸುವ ಮನುಷ್ಯರೂ, ಕಲಿತವರಿಗೆ ಕೆಲಸ ಕೊಡುವ ಕಾರ್ಖಾನೆಗಳೂ ಇದ್ದವು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದಾಗ ಹಂಚನ್ನು ಜರ್ಮನಿಯಿಂದ ಹಡಗಿನಲ್ಲಿ ತರಿಸಲಿಲ್ಲ, ನದಿ ದಂಡೆಯ ಜೇಡಿಮಣ್ಣು ತೆಗೆದರು. ನಮ್ಮಜ್ಜನ ಮನೆಯ ಮೇಲೆ ಇವತ್ತೂ ಮಂಗಳೂರು ಹಂಚೇ ಇದೆ.

ಮಕ್ಕಳ ಉತ್ಸಾಹ ಕುಗ್ಗುತ್ತದೆ ಅನ್ನುವ ಮಾತೂ ಬಂತು. ಪೆಟ್ಟಿಗೆ ತುಂಬುವುದು ಕಣ್ಣಿಗೆ ಕಾಣುತ್ತದೆ, ಬ್ಯಾಂಕಿಗೆ ಹೋದ ದುಡ್ಡು ಕಾಣುವುದಿಲ್ಲ ಅಂತ. ನನಗೇನೋ ಮಕ್ಕಳು ನಮಗಿಂತ ಬೇಗ ಅರ್ಥ ಮಾಡಿಕೊಂಡ ಹಾಗೆ ಕಾಣುತ್ತದೆ. ನಾವು ಹೊರಡುವ ದಿನ ತಿಂಗಳ ಕೊನೆಯ ಶನಿವಾರ. ಅವತ್ತು ಬೆಳಗ್ಗೆ ಇಡೀ ದೇಶ ‘ಉಮುಗಾಂಡಾ’ ಮಾಡುತ್ತದೆ, ಊರ ಕೆಲಸಕ್ಕೆ ಎಲ್ಲರೂ ಕೈಹಾಕುವುದು. ನಾವೂ ಗುದ್ದಲಿ ಹಿಡಿದು ಶಾಲೆಯ ಹಿಂದಿನ ಚರಂಡಿ ತೋಡಿದೆವು. ಗಾರೆ ಕಲಿಯುವ ಹುಡುಗಿಯೊಬ್ಬಳು ನನ್ನ ಮಗಳ ಕೈಯಿಂದ ಕಲ್ಲು ಕಿತ್ತುಕೊಂಡು, ತಿರುಗಿಸಿ, ಚಪ್ಪಟೆ ಮುಖ ಹೊರಗೆ ಬರುವ ಹಾಗೆ ಇಟ್ಟು ತೋರಿಸಿದಳು. ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಇವಳಿಗೂ ಬಂತು. ವಿಮಾನದಲ್ಲಿ ಕೂತು ಮಗಳು ಕೇಳಿದಳು, ‘ಅಪ್ಪಾ, ಅವಳಿಗೆ ಕರಣೆ ಎಷ್ಟಾಗುತ್ತೆ?’ ಈಗ ಶನಿವಾರ ಶನಿವಾರ ಬೇಕರಿಯಲ್ಲಿ ತಟ್ಟೆ ತೊಳೆಯಲು ಹೋಗುತ್ತಿದ್ದಾಳೆ. ಮನೆಯಲ್ಲಿ ತನ್ನ ತಟ್ಟೆ ತೊಳೆಯುವುದಿಲ್ಲ, ಅದು ಬೇರೆ ವಿಷಯ.

ನನ್ನ ಕೋರಿಕೆ ಇಷ್ಟು. ರಾಜ್ಯೋತ್ಸವದ ದಿನ ಆ ಎರಡು ಪೆಟ್ಟಿಗೆ ಬೇಡ. ಬಾಗಿಲಲ್ಲಿ ಒಂದು ಮೇಜು ಹಾಕೋಣ. ಮೇಜಿನ ಮೇಲೆ ಮೇಷ್ಟ್ರ ನೋಟ್‌ಬುಕ್ಕಿನ ಪಟ್ಟಿ ಇರಲಿ, ನಾನು ಕನ್ನಡಕ್ಕೆ ಬರೆದು ಕೊಡುತ್ತೇನೆ. ಒಬ್ಬರು ಒಂದು ಕಟ್ಟು ವೆಲ್ಡಿಂಗ್ ರಾಡ್ ಹಿಡಿಯಲಿ, ಇನ್ನೊಬ್ಬರು ಕತ್ತರಿ, ನಾಲ್ಕು ಮನೆ ಸೇರಿ ಒಂದು ಕಾಲು ಮಷಿನ್. ದುಡ್ಡು ಶಾಲೆಯ ಖಾತೆಗೆ ಹೋಗಲಿ, ಖರೀದಿ ಅಲ್ಲಿಯೇ ಆಗಲಿ. ವರ್ಷಕ್ಕೊಮ್ಮೆ ಅವರು ಲೆಕ್ಕ ಕೊಡಲಿ, ಜೊತೆಗೆ ನಮ್ಮಲ್ಲಿ ಏನು ತಪ್ಪಾಯಿತು ಅಂತಲೂ ಬರೆಯಲಿ. ಹಾಗೆ ಬರೆಯಬೇಕು ಅಂತ ನಾವೇ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಅವರು ಬರೆಯುವುದಿಲ್ಲ. ಪೋಷಕರ ಸಮಿತಿಯ ಗೆಳೆಯರು ಮುಂದಿನ ಸಭೆಯಲ್ಲಿ ಬೆಂಚಿನ ಆರ್ಡರ್ ವಿಷಯ ಎತ್ತಲಿ. ಪ್ರಿನ್ಸಿಪಾಲರು ಒಂದು ಬೆಂಚಿಗೆ ಎಷ್ಟು ಅಂತ ಕಳಿಸಿಕೊಟ್ಟಿದ್ದಾರೆ, ನನ್ನ ಹತ್ತಿರ ಇದೆ.

ಕಂಟೇನರ್ ಬುಕ್ ಮಾಡಲು ಮುಂಗಡ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ.

ಕೊನೆಯದಾಗಿ, ಈಗಾಗಲೇ ನನ್ನ ಗ್ಯಾರೇಜಿನಲ್ಲಿ ಹನ್ನೊಂದು ಮೂಟೆ ಬಟ್ಟೆ ಬಂದು ಬಿದ್ದಿದೆ. ಹೆಸರು ಬರೆದಿಲ್ಲ, ಯಾರದ್ದು ಯಾವುದು ಅಂತ ನನಗೆ ಗೊತ್ತಾಗುತ್ತಿಲ್ಲ. ಒಂದರಲ್ಲಿ ಒಳ್ಳೆ ಇಳಕಲ್ ಸೀರೆ ಇದೆ, ಬಹುಶಃ ತಪ್ಪಿ ಬಂದಿರಬೇಕು. ಭಾನುವಾರ ಹತ್ತು ಗಂಟೆ ಮೇಲೆ ಮನೆಯಲ್ಲೇ ಇರುತ್ತೇನೆ. ದಯವಿಟ್ಟು ಬಂದು ತೆಗೆದುಕೊಂಡು ಹೋಗಿ, ಕಾಫಿ ಮಾಡಿರುತ್ತೇವೆ. ಕಾರು ನಾಲ್ಕು ದಿನದಿಂದ ಮಳೆಯಲ್ಲಿ ನಿಂತಿದೆ.

ಇಂತಿ ನಿಮ್ಮವ,
ಹೋದ ಸಲ ಕಂಟೇನರ್ ತುಂಬಿಸಿದವರಲ್ಲಿ ಒಬ್ಬ